‘ವಿಶ್ ಯು ವರ್ ಹಿಯರ್’: ದಣಿದವರು ಕಟ್ಟಿದ ಆಲ್ಬಂ

ಬ್ರಿಟನ್ನಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’ ಆಲ್ಬಂ ಬಗ್ಗೆ ಯಾರೇ ಮಾತು ತೆಗೆದರೂ ಮೊದಲು ಬರುವುದು ಒಂದೇ ಕಥೆ. 1975ರ ಜೂನ್ 5ರಂದು ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೊದಲ್ಲಿ ತಂಡದವರು ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಹಾಡಿನ ಕೆಲಸದಲ್ಲಿ ತೊಡಗಿದ್ದಾಗ, ತಲೆಗೂದಲನ್ನೂ ಹುಬ್ಬುಗಳನ್ನೂ ಬೋಳಿಸಿಕೊಂಡಿದ್ದ ಸ್ಥೂಲಕಾಯದ ವ್ಯಕ್ತಿಯೊಬ್ಬರು ಒಳಗೆ ಬಂದರು. ಅವರು ಯಾರೆಂದು ಬಹಳ ಹೊತ್ತು ಅಲ್ಲಿದ್ದವರಿಗೆ ತಿಳಿಯಲಿಲ್ಲ. ತಂಡವನ್ನು ಕಟ್ಟಿದವರಲ್ಲಿ ಒಬ್ಬರಾದ, ಅದಕ್ಕೆ ಹೆಸರಿಟ್ಟ, ಅದರ ಮೊದಲ ಹಾಡುಗಳನ್ನು ಬರೆದ, ಏಳು ವರ್ಷಗಳ ಹಿಂದೆ ತಂಡದಿಂದ ದೂರವಾಗಿದ್ದ ಸಿಡ್ ಬ್ಯಾರೆಟ್ ಅವರೇ ಇವರು ಎಂದು ಗೊತ್ತಾದಾಗ ತಂಡದ ರೋಜರ್ ವಾಟರ್ಸ್ ಕಣ್ಣೀರಿಟ್ಟರು. ತಂಡದವರು ಕೆಲಸ ಮಾಡುತ್ತಿದ್ದ ಹಾಡು ಸಿಡ್ ಅವರನ್ನೇ ಕುರಿತದ್ದಾಗಿತ್ತು.

ಕಥೆ ನಿಜವೇ. ಆದರೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಈ ಆಲ್ಬಂ ಕೇಳುತ್ತ ಬಂದಿರುವ ನನಗೆ, ಈ ಕಥೆಯ ಭಾರದಡಿ ಸಂಗೀತವೇ ಹೂತುಹೋಗುತ್ತಿದೆ ಎನ್ನಿಸುತ್ತದೆ. ಆ ಹಾಡು ಹುಟ್ಟಿದ್ದು ಆ ದಿನಕ್ಕಿಂತ ಒಂದು ವರ್ಷ ಮೊದಲು, ತಾಲೀಮಿನ ಕೋಣೆಯಲ್ಲಿ ಡೇವಿಡ್ ಗಿಲ್ಮೋರ್ ಅವರ ಗಿಟಾರಿನಿಂದ ಬಂದ ನಾಲ್ಕು ಸ್ವರಗಳ ಒಂದು ಪಲುಕಿನಿಂದ. 1974ರ ಬೇಸಿಗೆಯ ಹೊತ್ತಿಗೆ ತಂಡದವರು ಅದನ್ನು ಫ್ರಾನ್ಸಿನ ವೇದಿಕೆಗಳ ಮೇಲೆ ನುಡಿಸುತ್ತಿದ್ದರು. ಹಾಗಾಗಿ ಸಿಡ್ ಅಂದು ಬಾರದೇ ಹೋಗಿದ್ದರೂ ಈ ಆಲ್ಬಂ ಹೀಗೆಯೇ ಇರುತ್ತಿತ್ತು. ನನ್ನ ಮಟ್ಟಿಗೆ ಇದರ ನಿಜವಾದ ವಸ್ತು, ಒಂದೇ ಕೋಣೆಯಲ್ಲಿ ಕುಳಿತಿದ್ದ ನಾಲ್ವರು ಮನಸ್ಸಿನಲ್ಲಿ ಅಲ್ಲಿ ಇಲ್ಲದೇ ಹೋದದ್ದು.

1973ರ ಮಾರ್ಚಿನಲ್ಲಿ ಬಂದ ಹಿಂದಿನ ಆಲ್ಬಂ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಅವರು ಹುಡುಗರಾಗಿದ್ದಾಗ ಕಂಡ ಕನಸುಗಳನ್ನೆಲ್ಲ ಒಮ್ಮೆಲೇ ಈಡೇರಿಸಿಬಿಟ್ಟಿತ್ತು. ಹಣ, ಹೆಸರು, ಅಮೆರಿಕದ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನ ಎಲ್ಲವೂ ಬಂದ ಮೇಲೆ ಮುಂದೇನು ಮಾಡುವುದೆಂದು ಅವರಿಗೆ ತೋಚಲಿಲ್ಲ. ಅದೇ ವರ್ಷದ ಕೊನೆಯಲ್ಲಿ, ವಾದ್ಯಗಳನ್ನೇ ಬಳಸದೆ ಮನೆಬಳಕೆಯ ಸಾಮಾನುಗಳಿಂದ ಒಂದು ಆಲ್ಬಂ ಮಾಡಲು ಹೊರಟು, ರಬ್ಬರ್ ಬ್ಯಾಂಡುಗಳನ್ನು ಎಳೆದು ಕಟ್ಟಿ ಮೀಟಿ, ಗಾಜಿನ ಲೋಟಗಳ ಅಂಚನ್ನು ಬೆರಳಿನಿಂದ ಸವರಿ ಸ್ವರ ಹೊರಡಿಸಿ, ಕೆಲವು ವಾರಗಳಲ್ಲೇ ಅದನ್ನು ಕೈಬಿಟ್ಟರು. ಆ ಗಾಜಿನ ಲೋಟಗಳ ನಾದ ಮಾತ್ರ ವ್ಯರ್ಥವಾಗಲಿಲ್ಲ. ‘ಶೈನ್ ಆನ್’ ಆರಂಭವಾಗುವಾಗ, ರಿಚರ್ಡ್ ರೈಟ್ ಅವರ ಕೀಬೋರ್ಡಿನ ಕೆಳಗೆ ಇಬ್ಬನಿಯಂತೆ ಹರಡಿಕೊಳ್ಳುವುದು ಅದೇ. 1975ರ ಜನವರಿಯಲ್ಲಿ ಅಬ್ಬಿ ರೋಡಿಗೆ ಬಂದಾಗಲೂ ಯಾರಿಗೂ ಉತ್ಸಾಹವಿರಲಿಲ್ಲ. ವಾಟರ್ಸ್ ಮತ್ತು ಡ್ರಮ್ ನುಡಿಸುವ ನಿಕ್ ಮೇಸನ್ ಇಬ್ಬರ ದಾಂಪತ್ಯವೂ ಬಿರುಕು ಬಿಡುತ್ತಿತ್ತು. ಧ್ವನಿಮುದ್ರಕ ಬ್ರಯಾನ್ ಹಂಫ್ರೀಸ್ ಅವರಿಗೆ ಅಲ್ಲಿನ ಉಪಕರಣಗಳು ಹೊಸವು. ಕಷ್ಟಪಟ್ಟು ನುಡಿಸಿದ್ದ ‘ಶೈನ್ ಆನ್’ ಭಾಗಗಳ ಮೇಲೆ ಅವರ ಕೈತಪ್ಪಿನಿಂದ ಅಳಿಸಲಾಗದ ಪ್ರತಿಧ್ವನಿ ಸೇರಿಕೊಂಡು, ಎಲ್ಲವನ್ನೂ ಮೊದಲಿನಿಂದ ನುಡಿಸಬೇಕಾಯಿತು. ಮೊದಲೇ ಬೇಸರಗೊಂಡವರ ಪಾಲಿಗೆ ಆ ದಿನ ಹೇಗಿದ್ದೀತು!

ಈ ಹಂತದಲ್ಲಿ ಬಂದ ಒಂದು ನಿರ್ಧಾರವೇ ಆಲ್ಬಂ ಅನ್ನು ಉಳಿಸಿತು ಎಂದು ನಾನು ದೃಢವಾಗಿ ನಂಬಿದ್ದೇನೆ. ಅವರ ಕೈಯಲ್ಲಿ ಆಗ ವೇದಿಕೆಯ ಮೇಲೆ ನುಡಿಸಿ ಪಳಗಿಸಿದ್ದ ಮೂರು ದೀರ್ಘ ರಚನೆಗಳಿದ್ದವು. ‘ಶೈನ್ ಆನ್’ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ, ಉಳಿದೆರಡು ಇನ್ನೊಂದು ಬದಿಗೆ ಎಂದು ಹಂಚಿದ್ದರೆ ಕೆಲಸ ಮುಗಿಯುತ್ತಿತ್ತು. ಗಿಲ್ಮೋರ್ ಬಯಸಿದ್ದೂ ಅದನ್ನೇ. ವಾಟರ್ಸ್ ಮಾತ್ರ ಆ ಎರಡನ್ನು ಕೈಬಿಟ್ಟು, ‘ಶೈನ್ ಆನ್’ ರಚನೆಯನ್ನು ಎರಡಾಗಿ ಸೀಳಿ ಆರಂಭದಲ್ಲೊಂದು ಕೊನೆಯಲ್ಲೊಂದು ಇಟ್ಟು, ನಡುವೆ ಹೊಸ ಹಾಡುಗಳನ್ನು ಬರೆಯೋಣ ಎಂದರು. ರೈಟ್ ಮತ್ತು ಮೇಸನ್ ವಾಟರ್ಸ್ ಪರ ನಿಂತರು. ಕೈಬಿಟ್ಟ ಆ ಎರಡು ರಚನೆಗಳು ಹೆಸರು ಬದಲಿಸಿಕೊಂಡು 1977ರ ‘ಅನಿಮಲ್ಸ್’ ಆಲ್ಬಮ್ಮಿಗೆ ಹೋದವು. ಸಂಗೀತಗಾರರಾಗಿ ಗಿಲ್ಮೋರ್ ಅವರ ಮೇಲೆ ನನಗಿರುವ ಗೌರವ ವಾಟರ್ಸ್ ಮೇಲಿನದಕ್ಕಿಂತ ಹೆಚ್ಚು; ಆದರೂ ಇಲ್ಲಿ ವಾಟರ್ಸ್ ಅವರೇ ಸರಿ. ಕಳೆದುಕೊಂಡ ಗೆಳೆಯನ ಹಾಡು ಅರ್ಧಕ್ಕೆ ನಿಂತು, ಸಂಗೀತದ ವ್ಯಾಪಾರವನ್ನು ಕುರಿತ ಎರಡು ಕಹಿ ಹಾಡುಗಳು ನಡುವೆ ಬಂದು, ಬಳಿಕ ಶೀರ್ಷಿಕೆಯ ಸರಳ ಹಾಡನ್ನು ದಾಟಿ ಮತ್ತೆ ಆ ಗೆಳೆಯನ ಬಳಿಗೆ ಮರಳುವಾಗ, ನಡುವಿನ ದಾರಿ ಎಷ್ಟು ದೂರವಾಗಿತ್ತೆಂಬುದು ಕೇಳುಗರ ಅನುಭವಕ್ಕೇ ಬರುತ್ತದೆ. ಮೂರು ದೀರ್ಘ ರಚನೆಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದರೆ ಇದು ಸಾಧ್ಯವಿರಲಿಲ್ಲ.

ಆ ಕಹಿ ಹಾಡುಗಳಲ್ಲಿ ಒಂದಾದ ‘ಹ್ಯಾವ್ ಎ ಸಿಗಾರ್’ ಹಾಡಿದವರು ತಂಡದವರಲ್ಲ. ‘ಶೈನ್ ಆನ್’ ಹಾಡಿ ವಾಟರ್ಸ್ ಅವರ ಗಂಟಲು ಸೋತಿತ್ತು, ಗಿಲ್ಮೋರ್ ಅವರಿಗೆ ಆ ಮಾತುಗಳನ್ನು ಹಾಡುವ ಮನಸ್ಸಿರಲಿಲ್ಲ; ಅದೇ ಕಟ್ಟಡದಲ್ಲಿ ತಮ್ಮ ಆಲ್ಬಂ ಮಾಡುತ್ತಿದ್ದ ಗೆಳೆಯ ರಾಯ್ ಹಾರ್ಪರ್ ಬಂದು ಹಾಡಿದರು. ತಾನೇ ಹಾಡಬೇಕಿತ್ತೆಂದು ವಾಟರ್ಸ್ ಮುಂದೆ ಹಳಹಳಿಸಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಾಡಿನೊಳಗೆ, ತಂಡದಲ್ಲಿ ಪಿಂಕ್ ಎಂಬಾತ ಯಾರೆಂದು ಕೇಳುವ ಸಂಗೀತ ವ್ಯಾಪಾರಿಯ ಮಾತು ಹೊರಗಿನವರೊಬ್ಬರ ಕಂಠದಿಂದಲೇ ಬರಬೇಕಾಗಿತ್ತು. ಪಿಟೀಲು ವಾದಕರಾದ ಸ್ಟೆಫಾನ್ ಗ್ರಾಪೆಲ್ಲಿ ಮತ್ತು ಯೆಹೂದಿ ಮೆನುಹಿನ್ ಸಹ ಆಗ ಅಲ್ಲೇ ಜೊತೆಯಾಗಿ ನುಡಿಸುತ್ತಿದ್ದರು. (ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ ಯೋಗ ಕಲಿತ ಮೆನುಹಿನ್ ಇವರೇ.) ಗ್ರಾಪೆಲ್ಲಿ ಶೀರ್ಷಿಕೆ ಹಾಡಿಗೆ ಪಿಟೀಲು ನುಡಿಸಿಕೊಟ್ಟರು. ಅಂತಿಮ ಮಿಶ್ರಣದಲ್ಲಿ ಅದು ಕೇಳಿಸದಷ್ಟು ಒಳಗೆ ಅಡಗಿತು. ಪೂರ್ಣವಾಗಿ ಕೇಳಲು 2011ರ ಮರುಬಿಡುಗಡೆಯವರೆಗೆ ಕಾಯಬೇಕಾಯಿತು. ಅದನ್ನು ಕೇಳಿದ ಮೇಲೆ, ಅಷ್ಟು ಸುಂದರವಾದ ವಾದನವನ್ನು ಬಿಟ್ಟುಕೊಟ್ಟ ಅವರ ಸಂಯಮದ ಮೇಲೆ ನನ್ನ ಗೌರವ ಹೆಚ್ಚಿತು.

ಹೊದಿಕೆಯ ಬಗ್ಗೆ ಎಲ್ಲರಿಗೂ ಗೊತ್ತು: ಕೈಕುಲುಕುತ್ತಿರುವ ಇಬ್ಬರು ಸೂಟುಧಾರಿಗಳು, ಒಬ್ಬರ ಮೈಗೆ ಬೆಂಕಿ. ಹಿಪ್ನೋಸಿಸ್ ಎಂಬ ವಿನ್ಯಾಸ ಸಂಸ್ಥೆಯ ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪಾವೆಲ್ ಅದನ್ನು ಕ್ಯಾಲಿಫೋರ್ನಿಯಾದ ವಾರ್ನರ್ ಸ್ಟುಡಿಯೊ ಆವರಣದಲ್ಲಿ ನಿಜವಾದ ಬೆಂಕಿಯನ್ನೇ ಹಚ್ಚಿ ತೆಗೆಸಿದರು. ಗಾಳಿ ತಿರುಗಿ ಸಾಹಸ ಕಲಾವಿದ ರಾನಿ ರಾಂಡೆಲ್ ಅವರ ಮೀಸೆ ಸುಟ್ಟಿತು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು, ಅಂಥ ಚಿತ್ರವನ್ನೂ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮರೆಮಾಡಿ ಅಂಗಡಿಗೆ ಕಳುಹಿಸಿದ್ದು. ಕೊಳ್ಳುವವರಿಗೆ ಕಾಣಿಸುತ್ತಿದ್ದುದು ಎರಡು ಯಂತ್ರದ ಕೈಗಳು ಒಂದನ್ನೊಂದು ಹಿಡಿದಿರುವ ಚೀಟಿ ಮಾತ್ರ.

1975ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಆಲ್ಬಂ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಬೇಡಿಕೆ ಎಷ್ಟಿತ್ತೆಂದರೆ ಅದನ್ನು ಹೊರತಂದ ಇಎಂಐ ಕಂಪನಿಗೆ ಸಾಕಷ್ಟು ಪ್ರತಿಗಳನ್ನು ಒದಗಿಸಲಾಗಲಿಲ್ಲ. ಹಲವು ವಿಮರ್ಶಕರು ಮಾತ್ರ ಒಪ್ಪಲಿಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಬೆನ್ ಎಡ್ಮಂಡ್ಸ್, ಸಿಡ್ ಅವರ ದುರಂತವನ್ನು ಇವರು ಹಾಡಿರುವ ನಿರ್ಭಾವುಕ ರೀತಿ ನೋಡಿದರೆ ಬಂಧುವೊಬ್ಬನಿಗೆ ವಾಹನ ನಿಲ್ಲಿಸಿದ್ದಕ್ಕೆ ದಂಡ ಬಿದ್ದ ಸಂಗತಿಯನ್ನು ಹಾಡಿದಂತಿದೆ ಎಂಬರ್ಥದ ಮಾತು ಬರೆದರು. ಮೆಚ್ಚಿದವರೂ ಇದ್ದರು, ರಾಬರ್ಟ್ ಕ್ರಿಸ್ಟ್‌ಗಾವ್ ಅವರಲ್ಲಿ ಒಬ್ಬರು.

ಎಡ್ಮಂಡ್ಸ್ ಅವರ ಕಿವಿಯನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಕೇಳಿಸಿಕೊಂಡ ದಣಿವು, ದೂರ ನಿಂತ ಧ್ವನಿ ಎರಡೂ ಆ ಧ್ವನಿಮುದ್ರಣದಲ್ಲಿ ಇವೆ. ಅದನ್ನು ಪ್ರಾಮಾಣಿಕತೆಯ ಕೊರತೆ ಎಂದು ಅವರು ಓದಿದ್ದು ತಪ್ಪು. 1968ರ ಜನವರಿಯ ಒಂದು ದಿನ ಸೌತಾಂಪ್ಟನ್ನಿನ ಕಾರ್ಯಕ್ರಮಕ್ಕೆ ಹೊರಟ ಈ ಗೆಳೆಯರು, ಮಾನಸಿಕವಾಗಿ ಕುಸಿಯುತ್ತಿದ್ದ ಸಿಡ್ ಅವರನ್ನು ದಾರಿಯಲ್ಲಿ ಕರೆದುಕೊಂಡು ಹೋಗುವುದು ಬೇಡವೆಂದು ತೀರ್ಮಾನಿಸಿ ಮುಂದೆ ಸಾಗಿದ್ದರು. ಆ ಖಾಲಿ ಜಾಗವನ್ನು ಮಾಡಿದವರು ಅವರೇ. ಗಿಲ್ಮೋರ್, ವಾಟರ್ಸ್, ರೈಟ್ ಮುಂದೆ ಸಿಡ್ ಅವರ ಸ್ವಂತ ಆಲ್ಬಂಗಳಿಗೆ ನೆರವಾದರು, ನಿಜ. ಆದರೂ ಹಾಗೆ ಬಿಟ್ಟು ನಡೆದವರು ಎದೆ ಬಡಿದುಕೊಂಡು ಹಾಡಿದ್ದರೆ ಅದನ್ನು ನಂಬುವುದು ನನಗೆ ಕಷ್ಟವಾಗುತ್ತಿತ್ತು. ಅವರು ಅಳುವ ಬದಲು ಕಾಯುತ್ತಾರೆ. ‘ಶೈನ್ ಆನ್’ ಹಾಡಿನಲ್ಲಿ ಮೊದಲ ಮಾತು ಕೇಳಿಬರುವುದು ಎಂಟೂವರೆ ನಿಮಿಷ ಕಳೆದ ಮೇಲೆ. ಧಾರವಾಡದಲ್ಲಿ ವಿಲಂಬಿತ ಖಯಾಲುಗಳನ್ನು ಕೇಳಿ ಬೆಳೆದ ನನಗೆ ಆ ಕಾಯುವಿಕೆ ಎಂದೂ ದೀರ್ಘವೆನಿಸಲಿಲ್ಲ.

2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, ಆ ನಾಲ್ಕು ಸ್ವರಗಳು ಹೊರಟೊಡನೆ ನನ್ನ ಸುತ್ತ ಸಾವಿರಾರು ಜನ ಸುಮ್ಮನಾದದ್ದು ಇನ್ನೂ ನೆನಪಿದೆ. ಗಿಲ್ಮೋರ್ ಇಲ್ಲದೆ, ರೈಟ್ ಇಲ್ಲದೆ, ಬೇರೆಯವರ ಗಿಟಾರಿನಲ್ಲಿ ಅದು ನುಡಿಯುತ್ತಿತ್ತು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಾಲ್ವರೂ 24 ವರ್ಷಗಳ ಬಳಿಕ ಒಟ್ಟಾಗಿ ನಿಂತು ಶೀರ್ಷಿಕೆ ಹಾಡನ್ನು ಹಾಡಿದಾಗ, ವಾಟರ್ಸ್ ಅದನ್ನು ಇಲ್ಲಿ ಇಲ್ಲದವರಿಗೆ, ಮುಖ್ಯವಾಗಿ ಸಿಡ್‌ಗೆ ಎಂದು ಅರ್ಪಿಸಿದರು. ಕೇಂಬ್ರಿಜ್‌ನಲ್ಲಿ ಚಿತ್ರ ಬಿಡಿಸುತ್ತ, ತೋಟ ನೋಡಿಕೊಳ್ಳುತ್ತ ದಶಕಗಳ ಕಾಲ ಸದ್ದಿಲ್ಲದೆ ಬದುಕಿದ್ದ ಸಿಡ್ ಮರುವರ್ಷ ಜುಲೈ 7ರಂದು ತೀರಿಕೊಂಡರು. 2008ರಲ್ಲಿ ರೈಟ್ ಹೋದರು.

ಈ ಆಲ್ಬಂ ತಮಗೆ ಅತ್ಯಂತ ಪ್ರಿಯವಾದದ್ದೆಂದು ರೈಟ್ ಹೇಳುತ್ತಿದ್ದರು. ಅದರ ಕೊನೆಯ ಭಾಗ ಅವರದೇ ರಚನೆ. ಹಾಸ್ಟೆಲಿನಲ್ಲಿದ್ದಾಗ ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದಷ್ಟು ಕಾಲ ಅದರ ಅಂಚು ನನಗೆ ಕೇಳಿಸಿರಲಿಲ್ಲ, ಟೇಪಿನ ಸರಸರ ಸದ್ದು ಅದನ್ನು ನುಂಗುತ್ತಿತ್ತು. ವರ್ಷಗಳ ನಂತರ ಸಿ.ಡಿ.ಯಲ್ಲಿ ಕೇಳಿದೆ: ಸಂಗೀತ ಕ್ಷೀಣಿಸಿ ಮುಗಿಯುವ ಹೊತ್ತಿನಲ್ಲಿ ರೈಟ್ ಅವರ ಬೆರಳುಗಳು ಯಾರಿಗೂ ಹೇಳದೆ ‘ಸೀ ಎಮಿಲಿ ಪ್ಲೇ’ ಹಾಡಿನ ಒಂದು ತುಣುಕನ್ನು ನುಡಿಸುತ್ತವೆ. 1967ರಲ್ಲಿ ಸಿಡ್ ಬರೆದು ಹಾಡಿದ ಹಾಡು ಅದು.