ಓದಿದ್ದಕ್ಕೆ ಜಿಎಸ್‌ಟಿ ಬಿಲ್ ಎಲ್ಲಿಂದ ತರೋದು?

ನಮ್ಮ ಸಂಘ ಸರ್ಕಾರದ ಇಲಾಖೆಯಿಂದ ಕೇಳಿದ್ದು 40,000 ರೂಪಾಯಿ. ಲಕ್ಷ ಅಲ್ಲ, ಕೋಟಿ ಅಲ್ಲ. ಶಿಕಾರಿಪುರದ ಕಡೆಯ ಒಂದು ಹಳ್ಳಿಯಲ್ಲಿ ಎರಡು ದಿನ ಹೈಸ್ಕೂಲ್ ಮಕ್ಕಳಿಗೆ ಊರಿನ ಶಾಸನ, ವೀರಗಲ್ಲು ಓದಿಸುವುದು, ಸಂಜೆ ದೇವಸ್ಥಾನದ ಜಗಲಿಯಲ್ಲಿ ಕುಮಾರವ್ಯಾಸ ಭಾರತದ ಗಮಕ, ಅಂದರೆ ರಾಗವಾಗಿ ಕಾವ್ಯ ಓದುವುದು. ಊಟ, ಶಾಸನ ಓದಿಸುವ ಮೇಷ್ಟ್ರಿಗೆ ಬಸ್ ಚಾರ್ಜು, ಗಮಕಿಗಳಿಗೆ ಸಂಭಾವನೆ, ಒಂದಿಷ್ಟು ಝೆರಾಕ್ಸ್. ಖರ್ಚು ಅಂದರೆ ಇಷ್ಟೇ. ಇಂಥದ್ದಕ್ಕೆ ಧನಸಹಾಯ ಕೊಡುತ್ತೇವೆ, ಸಂಘಗಳು ಅರ್ಜಿ ಹಾಕಿ ಎಂದು ಪೇಪರಿನಲ್ಲಿ ಹಾಕಿಸಿದವರೂ ಆ ಇಲಾಖೆಯವರೇ, ಆರು ತಿಂಗಳು ನನ್ನ ಚಪ್ಪಲಿ ಸವೆಸಿದವರೂ ಅವರೇ.

ಆನ್‌ಲೈನ್ ಅರ್ಜಿ. ಕಾರ್ಯಕ್ರಮದ ಸ್ವರೂಪ ಯಾವುದು ಅಂತ ಕೇಳುತ್ತದೆ. ಸಂಗೀತ, ನೃತ್ಯ, ನಾಟಕ, ಜಾನಪದ, ಇತರೆ. ಶಾಸನ ಓದುವುದು ಇವರ ಪಾಲಿಗೆ ‘ಇತರೆ’. ಕಚೇರಿಗೆ ಹೋಗಿ ಕೇಳಿದರೆ, “ಮೇಡಂ, ಸುಮ್ನೆ ಜಾನಪದ ಅಂತ ಒತ್ತಿ, ಒಂದು ಡೊಳ್ಳಿನ ತಂಡ ಕರೆಸಿಬಿಡಿ, ಬೇಗ ಪಾಸಾಗುತ್ತೆ” ಎಂಬ ಉಪದೇಶ. ಡೊಳ್ಳಿನವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮಕ್ಕಳು ಕಲ್ಲಿನ ಮೇಲೆ ಬೆರಳಿಟ್ಟು ‘ಸ್ವಸ್ತಿ ಶ್ರೀ’ ಅಂತ ಓದುವಾಗ ಪಕ್ಕದಲ್ಲಿ ಡೊಳ್ಳು ಯಾಕೆ?

ಆಮೇಲೆ ಕಾಗದಪತ್ರ. ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಆಗಿರಬೇಕು, ಆಗಿದೆ. ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಿರಬೇಕು. ಎರಡು ವರ್ಷ ಮರೆತಿದ್ದೆವು, ತಪ್ಪು ನಮ್ಮದೇ, ದಂಡ ಕಟ್ಟಿದೆವು. ಸಂಘದ ಹೆಸರಿನಲ್ಲಿ ಪ್ಯಾನ್ ಕಾರ್ಡ್. ಕೇಂದ್ರ ಸರ್ಕಾರದ ಪೋರ್ಟಲಿನಲ್ಲಿ ಸಂಘಗಳಿಗೆ ಕೊಡುವ ದರ್ಪಣ್ ಐಡಿ. ಮೂರು ವರ್ಷದ ಆಡಿಟ್ ವರದಿ. ನಮ್ಮ ವರ್ಷದ ವಹಿವಾಟೇ 11,000. ಆಡಿಟರ್ ನಕ್ಕುಬಿಟ್ಟರು, “ನಿಮ್ಮ ಖರ್ಚಿಗಿಂತ ನನ್ನ ಫೀಸೇ ಜಾಸ್ತಿ ಆಗುತ್ತಲ್ರೀ”. ಪುಣ್ಯಾತ್ಮರು ಅರ್ಧ ತಗೊಂಡರು.

ನನಗೆ ನಿಜವಾಗಿ ಉರಿದದ್ದು ಫೋಟೋ ವಿಷಯಕ್ಕೆ. ಮೂರು ವರ್ಷ ಕಾರ್ಯಕ್ರಮ ಮಾಡಿದ್ದಕ್ಕೆ ಆಹ್ವಾನಪತ್ರಿಕೆ, ಪೇಪರ್ ಕಟಿಂಗ್, ಬ್ಯಾನರ್ ಕಾಣುವ ಫೋಟೋ ಬೇಕಂತೆ. ನಾವು ಕಲ್ಲಿನ ಹತ್ತಿರ ಸೇರುವುದು ಬೆಳಿಗ್ಗೆ ಏಳಕ್ಕೆ, ಯಾಕೆಂದರೆ ಓರೆ ಬಿಸಿಲು ಬಿದ್ದಾಗಲೇ ಸವೆದ ಅಕ್ಷರ ಎದ್ದು ಕಾಣುವುದು. ಆ ಹೊತ್ತಿಗೆ ಯಾವ ಬ್ಯಾನರ್? ನನ್ನ ಹತ್ತಿರ ಇದ್ದದ್ದು ಒಂದೇ ಒಳ್ಳೆಯ ಫೋಟೋ. ಹತ್ತು ಮಕ್ಕಳು ವೀರಗಲ್ಲಿನ ಮುಂದೆ ಮಂಡಿಯೂರಿ ಕೂತಿದ್ದಾರೆ, ಎಲ್ಲರ ಬೆನ್ನು ಕ್ಯಾಮೆರಾ ಕಡೆಗೆ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಶಿವಲಿಂಗ, ಸೂರ್ಯ ಚಂದ್ರ. ಒಬ್ಬ ಹುಡುಗಿ ಕೆಳಗೆ ಹಸು ಯಾಕಿದೆ ಅಂತ ಕೇಳಿ, ಅಲ್ಲಿಂದ ತುರುಗೊಳ್, ಅಂದರೆ ದನ ಹೊಡೆದೊಯ್ಯುವ ದಾಳಿಯ ಬಗ್ಗೆ ಒಂದು ಗಂಟೆ ಮಾತಾಯಿತು. ಆ ಫೋಟೋ ನೋಡಿ ಗುಮಾಸ್ತರು ಕೇಳಿದ್ದು, “ವೇದಿಕೆ ಎಲ್ಲಿ? ಉದ್ಘಾಟಕರು ಯಾರು?”

ಇನ್ನು ಬಿಲ್ಲು. ಎಲ್ಲದಕ್ಕೂ ಜಿಎಸ್‌ಟಿ ನಂಬರ್ ಇರುವ ಬಿಲ್ಲೇ ಬೇಕು ಎಂದರು. ನಮಗೆ ಚಿತ್ರಾನ್ನ ಮಾಡಿಕೊಡುವ ಅಕ್ಕನಿಗೆ ಎಲ್ಲಿಯ ಜಿಎಸ್‌ಟಿ? ವರ್ಷಕ್ಕೆ 20 ಲಕ್ಷ ದಾಟದ ಸೇವೆಗೆ ನೋಂದಣಿಯೇ ಬೇಕಿಲ್ಲ ಅಂತ ಕಾನೂನೇ ಹೇಳುತ್ತದೆ. ಆದರೆ ಪೇಟೆಯ ಶಾಮಿಯಾನದವರು ಒಬ್ಬರು ಶಾಮಿಯಾನ ಹಾಕದೆಯೇ ಬಿಲ್ಲು ಕೊಡಲು ತಯಾರಿದ್ದರು, ತೆರಿಗೆ ಸೇರಿಸಿ ಕೊಟ್ಟರೆ ಸಾಕು! ಇದ್ದದ್ದು ಇದ್ದ ಹಾಗೆ ಬರೆದರೆ ಅರ್ಜಿ ವಾಪಸ್ಸು, ಸುಳ್ಳು ಬರೆದರೆ ಮಂಜೂರು. ಮಕ್ಕಳಿಗೆ ಚರಿತ್ರೆ ಹೇಳಲು ಹೊರಟವಳು ನಾನು.

ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದ 12ನೇ ಶತಮಾನದ ಶಾಸನದಲ್ಲಿ ಅಲ್ಲಿ ವ್ಯಾಕರಣ ಪಾಠ ನಡೆಯುತ್ತಿದ್ದದ್ದು, ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುತ್ತಿದ್ದದ್ದು ಇದೆ. ಅದೂ ಧನಸಹಾಯವೇ ಅಲ್ವಾ? ನಮ್ಮ ಕಡೆಯ ದಾನಶಾಸನಗಳಲ್ಲಿ ಕೊಟ್ಟವರು ಯಾರು, ಯಾರಿಗೆ, ಗದ್ದೆಯ ಮೇರೆ ಎಲ್ಲಿಂದ ಎಲ್ಲಿಗೆ, ಎಲ್ಲ ಒಂದೇ ಕಲ್ಲಿನಲ್ಲಿ ಮುಗಿಯುತ್ತದೆ. ಕೊನೆಗೆ ಶಾಪ. ಕೊಟ್ಟ ದಾನ ಕಿತ್ತುಕೊಂಡವನು 60,000 ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ಮಕ್ಕಳು ಈ ಸಾಲಿಗೆ ಹೊಟ್ಟೆ ಹಿಡಿದು ನಗುತ್ತಾರೆ. ನಮ್ಮ ಅರ್ಜಿ ಮಾತ್ರ ಅಡಕಗಳೆಲ್ಲ ಸೇರಿ 63 ಪುಟ.

ಕೊನೆಗೂ ಮಾರ್ಚ್ ಮೂರನೇ ವಾರ ಪತ್ರ ಬಂತು. ಮಂಜೂರಾಗಿದ್ದು 15,000. ಮೊದಲು ನಾವು ಕೈಯಿಂದ ಹಾಕಬೇಕು, 31ರೊಳಗೆ ಕಾರ್ಯಕ್ರಮ ಮುಗಿಸಬೇಕು, ಆಮೇಲೆ ಹಣ ಬಳಕೆ ಪ್ರಮಾಣಪತ್ರ, ಬಿಲ್ಲು, ಫೋಟೋ ಕೊಟ್ಟರೆ ಹಣ ‘ಅನುದಾನದ ಲಭ್ಯತೆಯ ಮೇರೆಗೆ’. ಆ ಹೊತ್ತಿಗೆ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕಣ್ರೀ! ಫೋನ್ ಮಾಡಿ ಹೇಳಿದರೆ, “ಬೇರೆ ಮಕ್ಕಳನ್ನ ಕೂರಿಸಿ ಮೇಡಂ, ಫೋಟೋಗೆ ತಾನೆ.”

ಬೇಡ ಅಂತ ಬರೆದು ಕಳಿಸಿದೆ. ಅದಕ್ಕೂ ಸಂಘದ ಠರಾವಿನ ಪ್ರತಿ ಬೇಕಂತೆ.

ಈ ಏಪ್ರಿಲ್ ರಜೆಯಲ್ಲಿ ನಾವೇ ಮಾಡುತ್ತಿದ್ದೇವೆ. ಮಕ್ಕಳಿಗೆ ಮನೆಯಿಂದ ಬುತ್ತಿ ತರಲು ಹೇಳಿದ್ದೇನೆ, ಮೇಷ್ಟ್ರು ಬಸ್ ಚಾರ್ಜೂ ಬೇಡ ಎಂದರು. ಗಮಕಿಗಳಿಗೆ ಮಾತ್ರ ಇನ್ನೂ ಫೋನ್ ಮಾಡಿಲ್ಲ. ಈ ಸಲವೂ ಬರಿಗೈಲಿ ಹಾಡಿ ಅಂತ ಯಾವ ಬಾಯಲ್ಲಿ ಕೇಳಲಿ?