ಸೂಪರ್ ಡೆಲಿಗೇಟರಿಗೆ ಎರಡನೇ ಪಂಕ್ತಿ

15-15. ಕಬಡ್ಡಿ ಸ್ಕೋರಲ್ಲ ಇದು. 2016ರ ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಡೆಮಾಕ್ರಟಿಕ್ ಪ್ರೈಮರಿ, ಅಂದರೆ ಅಮೆರಿಕದ ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿ ಯಾರು ಅಂತ ಜನ ವೋಟು ಹಾಕಿ ಹೇಳುವ ಚುನಾವಣೆ, ಮುಗಿದ ಮೇಲೆ ಹೊರಬಿದ್ದ ಲೆಕ್ಕ. ಬರ್ನಿ ಸ್ಯಾಂಡರ್ಸ್‌ಗೆ ಶೇ. 60 ವೋಟು, ಹಿಲರಿ ಕ್ಲಿಂಟನ್‌ಗೆ ಶೇ. 38. ಇದನ್ನು ಡ್ರಾ ಅಂದರೆ ಮೂರನೇ ಕ್ಲಾಸಿನ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಪಕ್ಷದ ಮಹಾಸಭೆಯಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳೇ ಡೆಲಿಗೇಟರು. ಆದರೆ ಜನ ಕೊಟ್ಟ 15-9 ಡೆಲಿಗೇಟರ ಪಕ್ಕಕ್ಕೆ, ಮೊದಲೇ ಹಿಲರಿ ಕಡೆ ವಾಲಿದ್ದ ಆರು ಸೂಪರ್ ಡೆಲಿಗೇಟರನ್ನು, ಅಂದರೆ ಜನರ ವೋಟಿಗೆ ಕಟ್ಟುಬೀಳದ ಪಕ್ಷದ ದೊಡ್ಡವರನ್ನು, ತಂದು ಕೂರಿಸಿದರು ನೋಡಿ, ಸಮ ಆಗಿಹೋಯಿತು. ಸ್ಯಾಂಡರ್ಸ್‌ಗೆ ಬಂದಿದ್ದ ಐವತ್ತು ಸಾವಿರಕ್ಕೂ ಜಾಸ್ತಿ ವೋಟಿನ ಲೀಡು, ಆರು ಜನರ ತೂಕಕ್ಕೆ ಬಂತು.

ಈ 'ಸೂಪರ್' ಅನ್ನುವ ಪದದ ಮೇಲೆ ನನಗೆ ಮೊದಲಿಂದಲೂ ಅನುಮಾನ. ಸೂಪರ್‌ಫಾಸ್ಟ್ ರೈಲು ಅಂತ ಜಾಸ್ತಿ ದುಡ್ಡು ತಗೊಂಡು, ಊರು ಇನ್ನೇನು ಕಾಣಿಸ್ತು ಅನ್ನುವಾಗ ಹೊರಗಿನ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸುತ್ತಾರಲ್ವಾ? ಸೂಪರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪಿಗೆ ಬಿಲ್ಲು ಹಾಕಿಸಲು ಕ್ಯೂ. ಹೆಸರಿಗೆ ಸೂಪರ್ ಸೇರಿತು ಅಂದರೆ ಯಾರೋ ಕಾಯಬೇಕು, ಯಾರೋ ದುಡ್ಡು ಕೊಡಬೇಕು.

ಈ ಏರ್ಪಾಡು ಮಾಡಿದವರು ಪಕ್ಷದ ಹಿರಿಯರು. 1968ರಲ್ಲಿ ಒಂದೂ ಪ್ರೈಮರಿಗೆ ಇಳಿಯದ ಹಂಫ್ರಿಯವರಿಗೆ ಟಿಕೆಟ್ ಕೊಟ್ಟು ಬೈಸಿಕೊಂಡರು. ಸರಿ, ಜನರೇ ಆರಿಸಲಿ ಅಂದರು. ಜನ 1972ರಲ್ಲಿ ಮೆಕ್‌ಗವರ್ನ್ ಅವರನ್ನು ಆರಿಸಿದರು, ಅವರು ಅಧ್ಯಕ್ಷ ಚುನಾವಣೆಯಲ್ಲಿ 50ರಲ್ಲಿ 49 ರಾಜ್ಯ ಸೋತರು. ಅಯ್ಯೋ, ಈ ಜನಕ್ಕೆ ಬುದ್ಧಿ ಸಾಲದು, ದೊಡ್ಡವರು ಯಾರಾದರೂ ಪಕ್ಕದಲ್ಲಿ ಇರಬೇಕು ಅಂತ 1982ರಲ್ಲಿ ಸಂಸದರು, ಗವರ್ನರುಗಳು, ಪಕ್ಷದ ಪದಾಧಿಕಾರಿಗಳಿಗೆ ಯಾರನ್ನೂ ಕೇಳದೆ ವೋಟು ಹಾಕುವ ಹಕ್ಕು ಕೊಟ್ಟರು. 1984ರಲ್ಲಿ ಮೊದಲ ಪ್ರಯೋಗ. ಹಿರಿಯರಲ್ಲಿ ಬಹುಪಾಲು ಮಾಂಡೇಲ್ ಬೆನ್ನಿಗೆ ನಿಂತರು. ಮಾಂಡೇಲ್ ಎಷ್ಟು ರಾಜ್ಯ ಸೋತರು ಗೊತ್ತಾ? 49. ಜನರ ಬುದ್ಧಿಗೂ ಹಿರಿಯರ ಬುದ್ಧಿಗೂ ಒಂದೇ ಒಂದು ರಾಜ್ಯದ ವ್ಯತ್ಯಾಸವೂ ಇಲ್ಲ.

2008ರಲ್ಲಿ ಹಿಲರಿಗೂ ಒಬಾಮಾಗೂ ಪೈಪೋಟಿ. ಆಗ ಈ ಸೂಪರ್ ಡೆಲಿಗೇಟರಲ್ಲಿ ಒಬ್ಬ 21 ವರ್ಷದ ಕಾಲೇಜು ಹುಡುಗನೂ ಇದ್ದ. ಹಿಲರಿ ಮಗಳು ಚೆಲ್ಸಿ ಕ್ಲಿಂಟನ್ ಅವನನ್ನು ತಿಂಡಿಗೆ ಕರೆದುಕೊಂಡು ಹೋದರು. ಆ ವಯಸ್ಸಿನಲ್ಲಿ ನಮಗೆ ಕ್ಯಾಂಟೀನಿನಲ್ಲಿ ಅರ್ಧ ಟೀ ಕೊಡಿಸುವವರೂ ಇರಲಿಲ್ಲ. ತಿಂಡಿ ತಿಂದ ಹುಡುಗ ಕೊನೆಗೆ ಹೋಗಿದ್ದು ಒಬಾಮಾ ಕಡೆ. ಭೇಷ್!

2016ರಲ್ಲಿ ಪಕ್ಷದ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ಅವರನ್ನು ಟಿವಿಯಲ್ಲಿ ಇದರ ಬಗ್ಗೆ ಕೇಳಿದರು. ನಾಯಕರು ತಳಮಟ್ಟದ ಕಾರ್ಯಕರ್ತರ ವಿರುದ್ಧ ಸ್ಪರ್ಧಿಸುವ ಪರಿಸ್ಥಿತಿ ಬರಬಾರದು, ಅದಕ್ಕೇ ಈ ವ್ಯವಸ್ಥೆ ಅನ್ನುವ ಅರ್ಥದಲ್ಲಿ ಹೇಳಿದರು. ಇಷ್ಟು ಪ್ರಾಮಾಣಿಕತೆ ನಮ್ಮ ಹೈಕಮಾಂಡುಗಳಿಗೂ ಇಲ್ಲ. ಆದರೆ ಒಂದು ಮಾತು. ಚಳಿಗಾಲದಲ್ಲಿ ಮನೆಮನೆ ಬಾಗಿಲು ತಟ್ಟಿ, ನೆಗಡಿ ಹತ್ತಿಸಿಕೊಂಡವರು ಆ ಕಾರ್ಯಕರ್ತರು. ಅವರಿಂದ ನಾಯಕರಿಗೆ ರಕ್ಷಣೆ ಬೇಕಂತೆ. ನಿಮಗೆ ಅವರ ದುಡಿಮೆ ಬೇಕು, ಚಂದಾ ಬೇಕು, ಅವರ ವೋಟು ಮಾತ್ರ ಬೇಡ. ನಾಚಿಕೆ ಆಗಲ್ವಾ?

ಇರಲಿ. ಕೊನೆಯಲ್ಲಿ ಹಿಲರಿ ಜನರ ವೋಟಿನಲ್ಲೇ ಲಕ್ಷಾಂತರದಿಂದ ಮುಂದಿದ್ದರು, ಹಿರಿಯರು ಸುಮ್ನೆ ಇದ್ದಿದ್ದರೂ ಗೆಲ್ಲುತ್ತಿದ್ದರು. ಇನ್ನೂ ಮಜಾ ಅಂದರೆ ಅಷ್ಟು ದಿನ ಸೂಪರ್ ಡೆಲಿಗೇಟರನ್ನು ಬೈದ ಸ್ಯಾಂಡರ್ಸ್ ಕಡೆಯವರೇ ಕೊನೆಗೆ ಅವರ ಹತ್ತಿರ ಹೋಗಿ, ಸ್ವಾಮಿ ನಮ್ಮ ಕಡೆ ಬನ್ನಿ ಅಂದರು.

2018ರಲ್ಲಿ ಷಿಕಾಗೋದಲ್ಲಿ ಸುಧಾರಣೆ ಆಯಿತು. ಪೈಪೋಟಿ ಇದ್ದರೆ ಮಹಾಸಭೆಯ ಮೊದಲ ಸುತ್ತಿನಲ್ಲಿ ಇವರು ವೋಟು ಹಾಕುವಂತಿಲ್ಲ, ಅಲ್ಲಿ ಯಾರಿಗೂ ಬಹುಮತ ಬರದಿದ್ದರೆ ಎರಡನೇ ಸುತ್ತಿನಲ್ಲಿ ಹಾಕಬಹುದು. ಮೊದಲ ಪಂಕ್ತಿಗೆ ಎಲೆ ಇಲ್ಲ, ಎರಡನೇ ಪಂಕ್ತಿಗೆ ಬನ್ನಿ ಅಂದ ಹಾಗೆ. ಆ ಪಕ್ಷದಲ್ಲಿ ಎರಡನೇ ಪಂಕ್ತಿ ಕೂತು 1952ಕ್ಕೇ ಕೊನೆ. ಆದರೂ ಬ್ಯಾಡ್ಜು ಉಂಟು, ಸಭಾಂಗಣದಲ್ಲಿ ಕುರ್ಚಿ ಉಂಟು. ಈಗ ಸೂಪರ್ ಅನ್ನಬಾರದಂತೆ, ಆಟೋಮ್ಯಾಟಿಕ್ ಡೆಲಿಗೇಟ್ ಅನ್ನಬೇಕಂತೆ. ನಮ್ಮ ಮನೆಯ ವಾಷಿಂಗ್ ಮೆಷಿನ್ ಮೇಲೂ ಹಾಗೇ ಬರೆದಿದೆ. ಬಟ್ಟೆ ನಾವೇ ಹಿಂಡಿಕೊಳ್ಳುತ್ತೇವೆ.