ಹೆಂಚಿನ ಅಚ್ಚು ಗುಜರಿಗೆ ಹೋಗುವ ಮೊದಲು

ಏಪ್ರಿಲ್ ಕೊನೆಯ ವಾರ ಮನೆಯ ಹೆಂಚಿನ ಮಾಡು ಬಿಚ್ಚಿಸಿದೆವು. ಗೆದ್ದಲು ತಿಂದ ಏಳು ಪಕ್ಕಾಸು ತೊಲೆ, ಅವುಗಳ ಮೇಲಿನ ರೀಪು ಪಟ್ಟಿಗಳನ್ನು ಬದಲಾಯಿಸಬೇಕಿತ್ತು. ಮರದ ಕೆಲಸ ಮೂರು ದಿನದಲ್ಲಿ ಮುಗಿಯಿತು. ಹೆಂಚು ಮಾತ್ರ ಸಿಗಲಿಲ್ಲ. ಒಡೆದದ್ದು, ಬಿರುಕು ಬಿಟ್ಟದ್ದು ಎಲ್ಲ ಸೇರಿ ಸುಮಾರು ಅರುವತ್ತು ಬೇಕಿತ್ತು. ಕುಂಬಳೆಯಿಂದ ಕಾಸರಗೋಡಿನ ತನಕ ಹಳೆಯ ಸಾಮಾನು ಮಾರುವವರಲ್ಲೆಲ್ಲ ವಿಚಾರಿಸಿದೆ. ಹೆದ್ದಾರಿ ಅಗಲ ಮಾಡುವಾಗ ಕೆಡವಿದ ಅಂಗಡಿ, ಮನೆಗಳ ಹೆಂಚು ರಾಶಿ ರಾಶಿ ಬಿದ್ದಿದೆ. ಆದರೆ ಅವು ನಮ್ಮ ಮಾಡಿನ ಮೇಲೆ ಕೂರುವುದಿಲ್ಲ. ನೆಲದ ಮೇಲೆ ನಿಂತು ನೋಡುವವರಿಗೆ ಎಲ್ಲ ಹೆಂಚೂ ಒಂದೇ. ಮೇಲೆ ಹತ್ತಿದವನಿಗೆ ಗೊತ್ತು, ಒಂದೊಂದು ಕಾರ್ಖಾನೆಯ ಅಚ್ಚಿಗೂ ಅದರದೇ ಅಳತೆ. ಒಂದರ ಅಂಚು ಪಕ್ಕದ್ದರ ಕಚ್ಚಿನೊಳಗೆ ಸರಿಯಾಗಿ ಇಳಿಯದಿದ್ದರೆ ಮೊದಲ ಮಳೆಗೇ ನೀರು ಮನೆಯೊಳಗೆ.

ನಮ್ಮ ಮನೆಯ ಹೆಂಚು ಬಂದದ್ದು ಹೊಳೆಬದಿಯ ಹಳೆಯ ಕಾರ್ಖಾನೆಯಿಂದ. ಅಮ್ಮ ಅಲ್ಲಿ ಇಪ್ಪತ್ತೆರಡು ವರ್ಷ ಹಸಿ ಹೆಂಚು ಹೊತ್ತವರು. ಮುಚ್ಚಿದ ಮೇಲೆ ನಾನು ಅತ್ತ ಹೋದದ್ದು ಕಡಿಮೆ. ಉಳಿದ ಹೆಂಚೇನಾದರೂ ಇದ್ದೀತೆಂದು ಆ ಸಂಜೆ ಹೋದೆ. ಗೇಟಿನ ಬಳಿ ಒಂದು ಪಿಕಪ್ ನಿಂತಿತ್ತು. ಇಬ್ಬರು ಹುಡುಗರು ತುಕ್ಕು ಹಿಡಿದ ಎರಕದ ಕಬ್ಬಿಣದ ಚೌಕಗಳನ್ನು ಎತ್ತಿ ಹಾಕುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಹೆಂಚಿನ ಅಚ್ಚುಗಳು. ಕಿಲೋ ಲೆಕ್ಕದಲ್ಲಿ ಗುಜರಿಗೆ. ಎರಡನ್ನು ನಾನು ಅದೇ ದರಕ್ಕೆ ಕೊಂಡು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು ಮನೆಗೆ ತಂದೆ. ಈ ಬರಹಕ್ಕೆ ಕಾರಣ ಅದು.

ಆ ಜಾಗದ ಬಗ್ಗೆ ಒಂದು ಯೋಜನೆ ಊರಿನಲ್ಲಿ ಓಡಾಡುತ್ತಿದೆ. ಎಲ್ಲ ಕೆಡವಿ ಮದುವೆ ಸಭಾಂಗಣ ಮತ್ತು ವಾಹನ ನಿಲ್ಲಿಸುವ ಅಂಗಳ ಮಾಡುವುದು, ಚಿಮಿಣಿಯೊಂದನ್ನು ಮಾತ್ರ ಉಳಿಸಿ ಬಣ್ಣದ ದೀಪ ಹಾಕುವುದು. ವಾಟ್ಸಾಪ್ ಗುಂಪಿನಲ್ಲಿ ಚಿತ್ರ ನೋಡಿದ ಹಲವರು, 'ಪರಂಪರೆಯೂ ಉಳಿಯಿತು, ಊರಿಗೆ ಅನುಕೂಲವೂ ಆಯಿತು' ಎಂದು ಬರೆದಿದ್ದಾರೆ. ಅವರಲ್ಲಿ ನನ್ನ ಗೆಳೆಯರೂ ಇದ್ದಾರೆ. ಅವರ ಒಳ್ಳೆಯ ಮನಸ್ಸನ್ನು ನಾನು ಅನುಮಾನಿಸುವುದಿಲ್ಲ. ಆದರೆ ಹೆಂಚು ಸುಡುವ ಗೂಡಿಲ್ಲದ ಚಿಮಿಣಿ ಏನನ್ನು ಹೇಳುತ್ತದೆ? ಕಾರ್ಖಾನೆಯಲ್ಲಿ ಬೆಲೆಬಾಳುವುದು ಅಲ್ಲಿ ಮಣ್ಣು ಹೆಂಚಾಗುತ್ತಿದ್ದ ಕ್ರಮ. ಆ ಕ್ರಮ ಅಚ್ಚಿನಲ್ಲಿದೆ, ಒತ್ತುವ ಯಂತ್ರದಲ್ಲಿದೆ, ಹಸಿ ಹೆಂಚು ಒಣಗಿಸುವ ಅಟ್ಟಗಳಲ್ಲಿದೆ, ಇನ್ನೂ ಬದುಕಿರುವ ಹತ್ತು ಹದಿನೈದು ಮಂದಿಯ ಕೈಯಲ್ಲಿದೆ. ಮೊದಲು ಉಳಿಸಬೇಕಾದದ್ದು ಇವು. ಗೋಡೆಯ ಸರದಿ ಆಮೇಲೆ.

ಇದರ ಹಿಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಕತೆಯಿದೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಮೊದಲ ಹೆಂಚಿನ ಕಾರ್ಖಾನೆ ತೆರೆದರು. ಕಿಟ್ಟೆಲ್ ಅವರ ಕನ್ನಡ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದ್ದು ಅದೇ ಮಿಷನ್ನಿನ ಮುದ್ರಣಾಲಯ. ಕಾಗದದ ಅಚ್ಚಿಗೆ ನಾವು ಎಷ್ಟೋ ಸಲ ಕೈಮುಗಿದಿದ್ದೇವೆ. ಮಣ್ಣಿನ ಅಚ್ಚನ್ನು ಗುಜರಿಗೆ ಕೊಡುತ್ತಿದ್ದೇವೆ. ಮಿಷನ್ನಿನವರನ್ನು ನೋಡಿ ಕಲಿತ ಊರ ಉದ್ಯಮಿಗಳು ಕರಾವಳಿಯುದ್ದಕ್ಕೂ ಹೊಳೆಗಳ ಬದಿಯಲ್ಲಿ ಗೂಡು ಕಟ್ಟಿದರು. ಜೇಡಿಮಣ್ಣು ಅಲ್ಲಿತ್ತು, ದೋಣಿಯಲ್ಲಿ ಸಾಗಿಸಲು ನೀರಿತ್ತು. ಮುಳಿಹುಲ್ಲಿನ, ತೆಂಗಿನ ಮಡಲಿನ ಮಾಡುಗಳ ಜಾಗಕ್ಕೆ ಹೆಂಚು ಬಂತು. ಬೇಸಗೆಯಲ್ಲಿ ಬೆಂಕಿಯ ಭಯ ಕಡಿಮೆಯಾಯಿತು, ವರ್ಷ ವರ್ಷ ಹೊದೆಸುವ ಖರ್ಚು ತಪ್ಪಿತು.

ನಮ್ಮ ಕಾರ್ಖಾನೆಯಲ್ಲಿ ಎರಡು ಬಗೆಯ ಗೂಡುಗಳಿವೆ. ದೊಡ್ಡದು ಹಾಫ್‌ಮನ್ ಗೂಡು, ಜರ್ಮನಿಯ ಫ್ರೆಡ್ರಿಕ್ ಹಾಫ್‌ಮನ್ 1858ರಲ್ಲಿ ಹಕ್ಕುಪತ್ರ ಪಡೆದ ಮಾದರಿ. ಸುರಂಗದಂತೆ ಸುತ್ತು ಬರುವ ಕೋಣೆಗಳ ಸಾಲು ಅದು. ಒಂದು ಕೋಣೆ ಉರಿಯುವಾಗ ಹಿಂದಿನವು ತಣಿಯುತ್ತಿರುತ್ತವೆ. ಅವುಗಳ ಬಿಸಿಯನ್ನು ಹೊತ್ತುಕೊಂಡ ಗಾಳಿ ಬೆಂಕಿಗೆ ಒದಗುತ್ತದೆ. ಉರಿಯ ಬಿಸಿ ಮುಂದಿನ ಕೋಣೆಗಳ ಹಸಿ ಹೆಂಚನ್ನು ಕಾಯಿಸಿ ಆಮೇಲೆ ಚಿಮಿಣಿ ಸೇರುತ್ತದೆ. ಹೆಂಚು ಕದಲುವುದಿಲ್ಲ, ಬೆಂಕಿಯೇ ನಡೆಯುತ್ತದೆ. ಗೂಡಿನ ಮೇಲಿನ ಪಟ್ಟಿ ಹೊಡೆದ ಅಟ್ಟಗಳಲ್ಲಿ ಹಸಿ ಹೆಂಚು ಒಣಗುತ್ತಿದ್ದುದೂ ಅದೇ ಬಿಸಿಗೆ. ಉರಿಯ ಒಂದು ಚೂರನ್ನೂ ಪೋಲು ಮಾಡದ ಕಟ್ಟಡ ಅದು. ಇದನ್ನು ಶಾಲೆಯ ಮಕ್ಕಳಿಗೆ ಹಲಗೆಯ ಮೇಲೆ ಬಿಡಿಸಿ ತೋರಿಸುವುದಕ್ಕಿಂತ ಆ ಸುರಂಗದೊಳಗೆ ನಡೆಸಿಕೊಂಡು ಹೋಗುವುದು ಮೇಲು.

ಆದರೆ ಹಾಫ್‌ಮನ್ ಗೂಡನ್ನು ಮತ್ತೆ ಉರಿಸಬೇಕೆಂದು ನಾನು ಹೇಳುವುದಿಲ್ಲ. ಅದಕ್ಕೆ ಬೆಂಕಿ ನಿಲ್ಲದೆ ಸುತ್ತುತ್ತಿರಬೇಕು, ಅಷ್ಟು ಮಣ್ಣು, ಅಷ್ಟು ಸೌದೆ ನಮ್ಮಲ್ಲಿಲ್ಲ. ಮೂಲೆಯಲ್ಲಿ ಒಂದು ಚಿಕ್ಕ ಚೌಕ ಗೂಡಿದೆ. ಒಮ್ಮೆ ತುಂಬಿಸಿ, ಉರಿಸಿ, ತಣಿಸಿ ತೆಗೆಯುವಂಥದು. ವರ್ಷಕ್ಕೆ ನಾಲ್ಕೈದು ಸಲ ಅದಕ್ಕೆ ಬೆಂಕಿ ಹಾಕಿದರೆ ಸುತ್ತಲಿನ ಹಳೆಯ ಮನೆ, ಶಾಲೆ, ಮಸೀದಿ, ಭಜನಾಮಂದಿರಗಳಿಗೆ ಬೇಕಾದ ಬದಲಿ ಹೆಂಚು ಸಿಗುತ್ತದೆ. ನಲುವತ್ತು ಹೆಂಚು ಸಿಗದ ಕಾರಣಕ್ಕೆ ಇಡೀ ಮಾಡನ್ನು ಇಳಿಸಿ ಶೀಟು ಹಾಕಿದ ಮನೆಗಳನ್ನು ನಾನೇ ಐದಾರು ಎಣಿಸಿದ್ದೇನೆ.

ಮಣ್ಣಿನ ಪ್ರಶ್ನೆ ಗಂಭೀರವಾದದ್ದು. ಹೆಂಚಿಗಾಗಿ ಗದ್ದೆಗಳನ್ನು ಆಳವಾಗಿ ಅಗೆದು ಹಾಳುಮಾಡಿದ ಉದಾಹರಣೆಗಳು ಕೇರಳದಲ್ಲಿ ಬೇಕಾದಷ್ಟಿವೆ. ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆಗೆಂದು 2008ರಲ್ಲಿ ಕಾನೂನು ಬಂದದ್ದು ಸರಿಯಾಗಿಯೇ ಇದೆ. ಹೆಂಚಿನ ಮೇಲಿನ ಪ್ರೀತಿಗೆ ಒಂದು ಗದ್ದೆಯನ್ನೂ ಬಲಿಕೊಡಬಾರದು. ಅನುಮತಿ ಪಡೆದು ಬಾವಿ, ಕೆರೆ, ಕಟ್ಟಡದ ಅಡಿಪಾಯ ಅಗೆಯುವಾಗ ಬರುವ ಜೇಡಿಮಣ್ಣನ್ನು ಪರೀಕ್ಷಿಸಿ ಬಳಸುವುದು, ಒಡೆದ ಹೆಂಚಿನ ಪುಡಿಯನ್ನು ಅದಕ್ಕೆ ಬೆರೆಸುವುದು, ಇಷ್ಟರಲ್ಲಿ ಆಗುವಷ್ಟೇ ಹೆಂಚು ಮಾಡಿದರೆ ಸಾಕು.

ಕಟ್ಟಡದ ವಿಷಯಕ್ಕೆ ಬಂದರೆ, ತುರ್ತಾಗಿ ಬೇಕಾದದ್ದು ದೊಡ್ಡ ಹಣವಲ್ಲ. ಚಿಮಿಣಿಯ ಅರ್ಧದಲ್ಲಿ ಗೋಳಿಮರ ಹುಟ್ಟಿದೆ. ಅದನ್ನು ಜಗ್ಗಿ ಕೀಳಬಾರದು, ಕಿತ್ತರೆ ಬೇರಿನೊಂದಿಗೆ ಇಟ್ಟಿಗೆಯೂ ಬರುತ್ತದೆ. ಕಡಿದು, ಬೇರು ಒಣಗಿಸಿ, ಸಂದನ್ನು ಸುಣ್ಣದ ಗಾರೆಯಿಂದ ಮುಚ್ಚಬೇಕು. ಕೆಂಪುಕಲ್ಲಿನ ಗೋಡೆಗಳಿಗೆ ಸಿಮೆಂಟು ಮೆತ್ತಲೇಬಾರದು. ಕೆಂಪುಕಲ್ಲು ನೀರು ಕುಡಿಯುವ ಕಲ್ಲು. ಕುಡಿದ ನೀರು ಸುಣ್ಣದ ಮೂಲಕ ಆರುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ, ಕೆಲವೇ ಮಳೆಗಾಲಗಳಲ್ಲಿ ಕಲ್ಲು ಹುಡಿಯಾಗಿ ಉದುರತೊಡಗುತ್ತದೆ. ಈ ವರ್ಷಕ್ಕೆ ನೀರು ಹರಿಯುವ ತೋಡು ಬಿಡಿಸಿ, ಸೋರುವ ಕಡೆ ಟಾರ್ಪಾಲು ಹೊದೆಸಿದರೂ ಕಟ್ಟಡ ನಿಂತೀತು.

ಕಾಗದದ ಮೇಲೆ ಗೆದ್ದರೆ ಸಾಲದು ಎಂಬುದಕ್ಕೆ ಕೋಝಿಕ್ಕೋಡಿನ ಕಾಮ್‌ಟ್ರಸ್ಟ್ ನೇಯ್ಗೆ ಕಾರ್ಖಾನೆಯನ್ನು ನೋಡಬೇಕು. ಅದೂ ಬಾಸೆಲ್ ಮಿಷನ್ನಿನವರು ಆರಂಭಿಸಿದ್ದೇ. 2009ರಲ್ಲಿ ಮುಚ್ಚಿತು. ಕಾರ್ಮಿಕರ ಹೋರಾಟದಿಂದಾಗಿ ಸರಕಾರ ಅದನ್ನು ವಹಿಸಿಕೊಳ್ಳುವ ಮಸೂದೆಯನ್ನು 2012ರಲ್ಲಿ ವಿಧಾನಸಭೆ ಅಂಗೀಕರಿಸಿತು, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. ಕಡತ ನಡೆಯುವ ವೇಗಕ್ಕೆ ಮಾಡು ಕಾಯುವುದಿಲ್ಲ. ಇನ್ನೊಂದು ಕಡೆ, ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಕಂಪೆನಿಯ ಹಳೆಯ ಉಗ್ರಾಣಗಳು 2012ರಿಂದ ಬಿನಾಲೆಯ ಕಲಾಪ್ರದರ್ಶನಕ್ಕೆ ಒದಗಿಬಂದಿವೆ. ಒಳಗೆ ಜನ ಓಡಾಡುವ ಕಟ್ಟಡದ ಹೆಂಚು ಜಾರಿದರೆ ಅದೇ ವಾರ ಯಾರಿಗಾದರೂ ಗೊತ್ತಾಗುತ್ತದೆ.

ಕಾಸರಗೋಡಿನ ಕನ್ನಡಿಗರಿಗೆ ಇನ್ನೊಂದು ಮಾತು. ಅಂದು ಸಂಜೆ ಆಫೀಸು ಕೋಣೆಯ ಕಪಾಟಿನಲ್ಲಿ ಹಾಜರಿ ಪುಸ್ತಕಗಳನ್ನು ಕಂಡೆ. ಅರ್ಧಕ್ಕರ್ಧ ಗೆದ್ದಲಿನ ಪಾಲಾಗಿವೆ. ಉಳಿದ ಹಾಳೆಗಳಲ್ಲಿ ಮೋಡಿ ಎಂಬ ಕೂಡುಬರಹ ಬೆರೆತ ಕನ್ನಡ ಅಕ್ಷರ. ತುಳು ಮಾತಾಡುವವರು, ಬ್ಯಾರಿಗಳು, ಮಲಯಾಳಿಗಳು, ಕೊಂಕಣಿಗರು, ಎಲ್ಲರ ಹೆಸರೂ ಕನ್ನಡದಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಆಚೆಗೂ ಈಚೆಗೂ ಅದೇ ಕೈಬರಹ ಮುಂದುವರಿದಿದೆ, ಗಡಿ ಬದಲಾದದ್ದರ ಸುಳಿವೇ ಆ ಪುಟಗಳಲ್ಲಿಲ್ಲ. ನಮ್ಮ ಭಾಷೆ ಈ ನೆಲದಲ್ಲಿ ಸಂಬಳದ ಭಾಷೆಯಾಗಿತ್ತು, ಲೆಕ್ಕದ ಭಾಷೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಯಾವುದಿದೆ? ಊರ ಹೆಸರುಗಳನ್ನು ತಿದ್ದಿದಾಗ ನಾವು ಸಿಟ್ಟಾಗುತ್ತೇವೆ, ಆಗಲೇಬೇಕು. ಈ ಪುಸ್ತಕಗಳ ಬಗ್ಗೆಯೂ ಅಷ್ಟೇ ಕಾಳಜಿ ಬೇಕು. ಅವನ್ನು ಫೋಟೋ ತೆಗೆದಿಡಲು ಅನುಮತಿ ಕೇಳಿ ಎರಡು ಸಲ ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ಮೂರನೆಯದನ್ನು ಇವತ್ತು ಹಾಕಿದೆ.

ತಂದ ಅಚ್ಚನ್ನು ಅಮ್ಮನ ಮುಂದಿಟ್ಟಾಗ ಅವರು ಸೆರಗಿನಿಂದ ತುಕ್ಕು ಒರಸಿ ಅಕ್ಷರಗಳ ಮೇಲೆ ಬೆರಳಾಡಿಸಿದರು. ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಹಸಿ ಹೆಂಚು, ದಿನಕ್ಕೆ ಎಷ್ಟು ಸಲ ಅಟ್ಟ ಹತ್ತಿ ಇಳಿದಿದ್ದರೋ. ಬೆಂದ ಹೆಂಚನ್ನು ಗೆಣ್ಣಿನಿಂದ ತಟ್ಟಿ, ಬರುವ ಸದ್ದಿನಲ್ಲೇ ಒಳಗಿನ ಬಿರುಕು ಹೇಳುತ್ತಿದ್ದರು. ಕುತ್ತಿಗೆಯ ನೋವು ಈಗಲೂ ಇದೆ. ಕಾರ್ಖಾನೆಯನ್ನು ಮತ್ತೆ ಎಬ್ಬಿಸಬೇಕೆಂಬ ನನ್ನ ಆಸೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಬ್ಬಿಸಿ ಮಗಾ. ಆದರೆ ಹೆಂಗಸರಿಗೆ ಕೂತು ಉಣ್ಣಲು ಒಂದು ಕೋಣೆ, ಒಂದು ಪಾಯಿಖಾನೆ ಮೊದಲು ಕಟ್ಟಿಸಿ. ನಮಗೆ ಎರಡೂ ಇರಲಿಲ್ಲ" ಎಂದರು. ನನ್ನ ಯೋಜನೆಯ ಕಾಗದದಲ್ಲಿ ಅದನ್ನೇ ಮೊದಲ ಸಾಲಾಗಿ ಬರೆದಿದ್ದೇನೆ.

ಮಾಲೀಕರ ಕುಟುಂಬದ ಹಿರಿಯರೊಬ್ಬರು ಮಾತಾಡಲು ಒಪ್ಪಿದ್ದಾರೆ. ಜಾಗ ಮಾರುವುದು ಅವರ ಹಕ್ಕು, ಅದರಲ್ಲಿ ತಕರಾರಿಲ್ಲ. ಚಿಕ್ಕ ಗೂಡು, ಒಣಗಿಸುವ ಒಂದು ಅಟ್ಟ ಮತ್ತು ಆಫೀಸು ಕೋಣೆ ಇರುವ ತುಂಡನ್ನು ಊರಿನವರ ಸಹಕಾರಿ ಸಂಘಕ್ಕೆ ದೀರ್ಘಕಾಲದ ಗೇಣಿಗೆ ಕೊಡಿ ಎಂದು ಕೇಳಲಿದ್ದೇವೆ. ಉಳಿದ ಜಾಗದಲ್ಲಿ ಸಭಾಂಗಣ ಬರುವುದಾದರೆ ಬರಲಿ. ಹಾಫ್‌ಮನ್ ಗೂಡನ್ನು ಮಾತ್ರ ಕೆಡವದೆ ಅದರ ಸುತ್ತ ಕಟ್ಟಲಿ.

ಬರುವ ಆದಿತ್ಯವಾರ ಬೆಳಗ್ಗೆ ಎಂಟಕ್ಕೆ ಮಾಲೀಕರ ಅನುಮತಿಯೊಂದಿಗೆ ಕಾರ್ಖಾನೆಯ ಅಳತೆ ತೆಗೆಯುತ್ತೇವೆ. ಅಲ್ಲಿ ಯಂತ್ರ ಒತ್ತಿದವರು, ಗೂಡಿಗೆ ಸೌದೆ ಹಾಕಿದವರು ನಿಮ್ಮ ಮನೆಯಲ್ಲಿದ್ದರೆ ಕರೆದುಕೊಂಡು ಬನ್ನಿ, ನಡೆಯಲಾಗದಿದ್ದರೆ ಹೇಳಿ, ಗಾಡಿ ಕಳುಹಿಸುತ್ತೇವೆ. ಗುಜರಿ ಅಂಗಡಿಯಲ್ಲಿ ಎಲ್ಲಿಯಾದರೂ ಹೆಂಚಿನ ಅಚ್ಚು ಕಂಡರೆ ತೂಕದ ಹಣ ಕೊಟ್ಟು ತೆಗೆದಿಡಿ, ನಾನು ಬಂದು ಹಣ ಕೊಟ್ಟು ಒಯ್ಯುತ್ತೇನೆ. ಮೂಲೆಹೆಂಚಿನ ಅಚ್ಚು ಇನ್ನೂ ಸಿಕ್ಕಿಲ್ಲ.